ಪಾಠ ಹೇಳಲು ಬಂದು ಪಾಠ ಕಲಿತ ಮೇಷ್ಟ್ರು



ಬೇರೆ ಊರಿಂದ ಬಂದ ಮೇಷ್ಟ್ರ ಮಾತು ತಪ್ಪಿದ್ರೆ ನಾವು ಮುಸಿಮುಸಿ ನಗ್ತೀವಿ. ಹರ್ಮನ್ ಮೋಗ್ಲಿಂಗ್ ಬಂದದ್ದು ಬೇರೆ ದೇಶದಿಂದ!

ಇವರು 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1836ರಲ್ಲಿ ಬಾಸೆಲ್ ಮಿಷನ್ ವತಿಯಿಂದ ಮಂಗಳೂರಿಗೆ ಬಂದರು. ಧರ್ಮ ಪ್ರಚಾರ ಮಾಡೋದು, ಹುಡುಗರಿಗೆ ಪಾಠ ಹೇಳೋದು ಅವರ ಕೆಲಸ. ಆದರೆ ಇಲ್ಲಿನ ಮಾತು ಬಾರದೆ ಪಾಠ ಹ್ಯಾಂಗ ಹೇಳೋದು? ಪಾಠ ಹೇಳಲು ಬಂದವರು ಮೊದಲು ತಾವೇ ವಿದ್ಯಾರ್ಥಿಯಾದರು. ಕನ್ನಡ ಕಲಿತರು.

ಕಲಿತ ಕನ್ನಡದಲ್ಲೇ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದರು. ಅದು ಕಲ್ಲಚ್ಚಿನ ಪತ್ರಿಕೆ. ಅಂದರೆ ನಮ್ಮ ಗೋಡೆ ಪತ್ರಿಕೆಯ ಹಾಗೆ ಅದರ ಮೂಲವೂ ಕೈಬರಹವೇ! 1844ರಲ್ಲಿ ಅದು ನಮ್ಮ ಬಳ್ಳಾರಿಗೆ ಬಂದು ಕಂನಡ ಸಮಾಚಾರ ಆಯ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ನಮಗೆಲ್ಲ ಇದು ಹೆಮ್ಮೆ ಅಲ್ವೇನ್ರಿ?

ದಾಸರ ಪದಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ತಾಯ್ನಾಡಿಗೆ ಮರಳಿದರು. 1881ರಲ್ಲಿ ತೀರಿಕೊಂಡರು.

ಗೆಳೆಯರೇ, ಇನ್ನು ಮುಂದೆ ಹೊಸ ಮೇಷ್ಟ್ರು ತಡವರಿಸಿದ್ರೆ ನಗಬ್ಯಾಡ್ರಿ. ನಮ್ಮೂರ ಮಾತು ಹೇಳಿಕೊಡ್ರಿ.