ಡಾರ್ವಿನ್ ಮನೆಯ ಮಕ್ಕಳು
ಡಾರ್ವಿನ್ ಅಂದ್ರೆ ನಮಗೆಲ್ಲ ಬಯಾಲಜಿ ಪುಸ್ತಕದ ಬಿಳಿ ಗಡ್ಡದ ತಾತ. ಆ ತಾತನಿಗೆ 10 ಮಕ್ಕಳು ಅಂತ ನಮಗೆ ಯಾರೂ ಹೇಳಿರಲಿಲ್ಲ.

1842ರಿಂದ ಅವರು ಇದ್ದದ್ದು ಇಂಗ್ಲೆಂಡಿನಲ್ಲಿ, ಆಗ ಕೆಂಟ್‌ಗೆ ಸೇರಿದ್ದ ಡೌನ್ ಹೌಸ್‌ನಲ್ಲಿ. ಮೈಕ್ರೋಸ್ಕೋಪ್ ಮುಂದೆ ಕೂರೋಕೆ ಇಟ್ಟಿದ್ದ ಚಕ್ರದ ಸ್ಟೂಲು ಮಕ್ಕಳಿಗೆ ಗಾಡಿ. 'ಒರಿಜಿನ್ ಆಫ್ ಸ್ಪೀಷೀಸ್' ಹಸ್ತಪ್ರತಿಯ ಹಾಳೆ ಹಿಂದುಗಡೆ ತರಕಾರಿ ಸೈನಿಕರ ಯುದ್ಧದ ಚಿತ್ರ! (ನಮ್ಮ ಲ್ಯಾಬ್ ರೆಕಾರ್ಡ್ ಮೇಲೆ ತಮ್ಮ ಹೀಗೆ ಗೀಚಿದ್ರೆ ಸುಮ್ನೆ ಬಿಡ್ತಿದ್ವಾ?) 4 ವರ್ಷದ ಮಗನೊಬ್ಬ, ಕೆಲಸ ಬಿಟ್ಟು ಆಟಕ್ಕೆ ಬಾ ಅಂತ ಅಪ್ಪನಿಗೆ ಆರು ಪೆನ್ನಿ ಲಂಚ ಕೊಡೋಕೂ ನೋಡಿದ್ದ. ದುಂಬಿಗಳು ಹಾರೋ ದಾರಿ ತಿಳಿಯೋಕೆ ಡಾರ್ವಿನ್ ಮಕ್ಕಳನ್ನೇ ಅಲ್ಲಲ್ಲಿ ನಿಲ್ಲಿಸ್ತಿದ್ರು. ಒಂಥರಾ ಸೆನ್ಸರ್ ನೆಟ್‌ವರ್ಕ್.

1851ರಲ್ಲಿ ಮುದ್ದಿನ ಮಗಳು ಆ್ಯನಿಗೆ ಕಾಯಿಲೆ ಜೋರಾಯ್ತು. ಚಿಕಿತ್ಸೆ ದೂರದ ಮಾಲ್ವರ್ನ್‌ನಲ್ಲಿ. ಹೆಂಡತಿ ಎಮ್ಮಾ ತುಂಬು ಗರ್ಭಿಣಿ, ಹೋಗೋ ಹಾಗಿರಲಿಲ್ಲ. ಮಗಳ ಹಾಸಿಗೆ ಪಕ್ಕ ಕೂತು ಮನೆಗೆ ಪತ್ರ ಬರೀತಿದ್ದದ್ದು ಡಾರ್ವಿನ್. ಏಪ್ರಿಲ್ 23ಕ್ಕೆ ಆ್ಯನಿ ತೀರಿಕೊಂಡಳು. ಹತ್ತೇ ವರ್ಷ. ಅಂತ್ಯಕ್ರಿಯೆಗೂ ನಿಲ್ಲದೆ ಅವರು ಎಮ್ಮಾ ಹತ್ತಿರ ವಾಪಸ್ ಬಂದರು.

ಮೂರು ವಾರ ತುಂಬೋ ಮೊದಲೇ ಹೊರೇಸ್ ಹುಟ್ಟಿದ. ಇವನು ಮುಂದೆ ಎಂಜಿನಿಯರ್ ಆದ, ಅಂದ್ರೆ ನಮ್ಮ ಸೀನಿಯರ್ರು. ಎರೆಹುಳುಗಳ ಕೆಲಸದಿಂದ ಕಲ್ಲು ನೆಲದೊಳಗೆ ಎಷ್ಟು ಇಳಿಯುತ್ತೆ ಅಂತ ಅಳೆಯೋ ಉಪಕರಣ ಮಾಡಿ, ಅಪ್ಪನ ಹುಲ್ಲುಹಾಸಿನಲ್ಲೇ ಕೂರಿಸಿದ.