ಧ್ರುವಪ್ರಭೆಯ ಗುಟ್ಟು ಹುಡುಕಿದ ಬಿರ್ಕೆಲಾಂಡ್: ಬದುಕಿದ್ದಾಗ ಸಿಗದ ಮನ್ನಣೆ, ಸತ್ತ ಮೇಲೆ ಸಾಬೀತಾದ ಸತ್ಯ

2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪೇರಿದ ಫೋಟೊಗಳನ್ನು ನೀವೂ ನೋಡಿರಬಹುದು. ಆ ಬೆಳಕಿನ ಹಿಂದೆ ಸೂರ್ಯನ ವಿದ್ಯುತ್ ಕಣಗಳ ಕೈವಾಡವಿದೆ ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪಟ್ಟು ಹಿಡಿದವರು ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡ್.

ಅವರು ಹುಟ್ಟಿದ್ದು 1867ರಲ್ಲಿ, ಇಂದಿನ ಓಸ್ಲೊದಲ್ಲಿ. 1899ರ ಚಳಿಗಾಲದಲ್ಲಿ ನಾರ್ವೆಯ ಉತ್ತರ ತುದಿಯ ಹಾಲ್ಡೆ ಬೆಟ್ಟದ ಮೇಲೆ ತಂಡ ಕಟ್ಟಿಕೊಂಡು ಠಿಕಾಣಿ ಹೂಡಿದರು. ಆ ಯಾತ್ರೆಯಲ್ಲಿ ಹಿಮಕುಸಿತ ಜೀವವನ್ನೂ ಬಲಿ ಪಡೆಯಿತು. ಊರಿಗೆ ಮರಳಿದ ಮೇಲೆ ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಭೂಮಿಯನ್ನೇ ಮಾಡಿದರು: ಒಳಗೆ ವಿದ್ಯುತ್ ಅಯಸ್ಕಾಂತವಿದ್ದ ಲೋಹದ ಚೆಂಡು. ಅದರತ್ತ ಎಲೆಕ್ಟ್ರಾನ್‌ಗಳನ್ನು ಹರಿಸಿದಾಗ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು!

ಸಂಶೋಧನೆಗೆ ದುಡ್ಡು ಬೇಕಿತ್ತು. ಅದಕ್ಕಾಗಿ ಕಟ್ಟಿದ ವಿದ್ಯುತ್ ಫಿರಂಗಿ 1903ರಲ್ಲಿ ತುಂಬಿದ ಸಭೆಯೆದುರೇ ಶಾರ್ಟ್ ಸರ್ಕ್ಯೂಟ್ ಆಗಿ ಭಗ್ಗೆಂದಿತು. ಆ ಬೆಂಕಿಯೇ ಗಾಳಿಯ ಸಾರಜನಕದಿಂದ ಗೊಬ್ಬರ ತಯಾರಿಸುವ ಕುಲುಮೆಗೆ ದಾರಿಯಾಯಿತು. ಎಂಜಿನಿಯರ್ ಸ್ಯಾಮ್ ಐಡೆ ಜತೆಗಿನ ಈ ಉದ್ಯಮದಿಂದ 1905ರಲ್ಲಿ ನಾರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿತು. ಸೋಲು ಇಷ್ಟು ಲಾಭ ತಂದದ್ದು ಅಪರೂಪ.

ಆದರೆ ನಿದ್ರೆ ಅವರ ಕೈಬಿಟ್ಟಿತ್ತು. ವೆರೊನಾಲ್ ಎಂಬ ನಿದ್ರೆ ಮಾತ್ರೆಯ ಆಸರೆ ಹೆಚ್ಚಿತು. ಈಜಿಪ್ಟ್‌ನಲ್ಲಿದ್ದ ಅವರು ಮಹಾಯುದ್ಧದ ನಡುವೆ ಜಪಾನ್ ಸುತ್ತಿಕೊಂಡು ಊರಿಗೆ ಹೊರಟಿದ್ದರು. 1917ರ ಜೂನ್‌ನಲ್ಲಿ ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಶವವಾಗಿ ಸಿಕ್ಕರು. ವಯಸ್ಸು 49. ಹಲವು ಬಾರಿ ಹೆಸರು ಸೂಚಿತವಾಗಿದ್ದರೂ ನೊಬೆಲ್ ಬರಲಿಲ್ಲ.

ಬಾಹ್ಯಾಕಾಶದಿಂದ ಕಾಂತರೇಖೆಗಳ ಗುಂಟ ವಿದ್ಯುತ್ ಇಳಿಯುತ್ತದೆ ಎಂಬ ಅವರ ವಾದವನ್ನು ಬ್ರಿಟನ್‌ನ ಸಿಡ್ನಿ ಚಾಪ್‌ಮನ್ ಒಪ್ಪಲೇ ಇಲ್ಲ. 1960ರ ದಶಕದಲ್ಲಿ ಉಪಗ್ರಹವೊಂದು ಆ ವಿದ್ಯುತ್ತಿನ ಜಾಡು ಹಿಡಿಯಿತು. ಈಗ ಅದಕ್ಕೆ ಬಿರ್ಕೆಲಾಂಡ್ ಕರೆಂಟ್ ಎಂದೇ ಹೆಸರು.

ಹಾಗೆಂದು ಅವರು ಹೇಳಿದ್ದೆಲ್ಲ ಸರಿಯಲ್ಲ. ಕಣಗಳು ಸೂರ್ಯನಿಂದಲೇ ಪೂರ್ತಿ ಕಸುವು ಹೊತ್ತು ನೇರ ಧ್ರುವಕ್ಕೆ ಬರುತ್ತವೆ ಎಂದು ನಂಬಿದ್ದರು. ನಿಜವಾಗಿ ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ಕತ್ತಲ ಬದಿಗೆ ಉದ್ದ ಬಾಲದಂತೆ ಎಳೆಯುತ್ತದೆ. ಬಿಗಿದ ಕಾಂತರೇಖೆಗಳು ಅಲ್ಲಿ ತುಂಡಾಗಿ ಮತ್ತೆ ಬೆಸೆದುಕೊಳ್ಳುತ್ತವೆ. ಎಳೆದು ಬಿಟ್ಟ ರಬ್ಬರ್ ಬ್ಯಾಂಡಿನಂತೆ ಅವು ಕುಗ್ಗುವಾಗ, ಅವುಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳು ಮತ್ತೆ ಮತ್ತೆ ತಳ್ಳಿಸಿಕೊಂಡು ವೇಗ ಪಡೆಯುತ್ತವೆ. ಅಲ್ಲೇ ಹುಟ್ಟುವ ವಿದ್ಯುತ್ ಕ್ಷೇತ್ರವೂ ಅವನ್ನು ನೂಕುತ್ತದೆ. 2015ರಲ್ಲಿ ಹಾರಿದ ನಾಸಾದ ನಾಲ್ಕು ಎಂಎಂಎಸ್ ನೌಕೆಗಳು ಇದನ್ನೇ ಹತ್ತಿರದಿಂದ ಅಳೆದಿವೆ.

1994ರಲ್ಲಿ ನಾರ್ವೆ ತನ್ನ 200 ಕ್ರೋನರ್ ನೋಟಿನ ಮೇಲೆ ಬಿರ್ಕೆಲಾಂಡ್ ಮುಖ ಅಚ್ಚು ಹಾಕಿತು. ಹೊಸ ನೋಟಿನಲ್ಲಿ ಮಾತ್ರ ಈಗ ಮೀನಿದೆ.