ಒಡ್ಡರಾಮನೆಂಬ ಹೆಸರು

ನಮ್ಮ ಜತ್ತ ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ತಲೆಯ ಮೇಲೆ ಕೊಡ ಹೊತ್ತು ಹರದಾರಿ ನಡೆದ ತಾಯಂದಿರು ಡಫಳಾಪುರದ ಸುತ್ತಮುತ್ತ ಎಷ್ಟೋ ಮನೆತನಗಳಲ್ಲಿದ್ದಾರೆ. ಆದುದರಿಂದಲೇ ಕೆರೆ ಕಟ್ಟಿಸಿದವನಿಗೆ ಕೈಮುಗಿಯುವ ವಾಡಿಕೆ ನಮಗೆ ಸಹಜವಾಗಿ ಬಂದಿದೆ. ಕನ್ನಡಿಗರು ಸಿದ್ಧರಾಮನೆಂದೂ ಮರಾಠಿಗರು ಸಿದ್ಧೇಶ್ವರನೆಂದೂ ಕರೆದು ಒಂದೇ ಹೊಸ್ತಿಲಿಗೆ ತಲೆ ಬಾಗಿಸುವ ಸೊಲ್ಲಾಪುರದ ಮಹಾಪುರುಷನು ಅಂಥವನು. ಆತನ ಪವಾಡಗಳನ್ನು ಬಲ್ಲವರು ಬಹಳ. ಆತನ ಬಾಳಿನಲ್ಲಿ ಒಂದು ದಿನ ಹೆಡೆಯೆತ್ತಿದ ಅಹಂಕಾರವನ್ನೂ ಅದನ್ನು ಆತನು ಗೆದ್ದ ಬಗೆಯನ್ನೂ ನೆನೆಯುವವರು ಕಡಿಮೆ. ದೇವಾಲಯದ ಜೀರ್ಣೋದ್ಧಾರದ ಈ ಶುಭಸಮಯದಲ್ಲಿ ಅದನ್ನೇ ನೆನೆಯುವುದು ಉಚಿತವೆಂದು ತೋರಿ ಈ ನಾಲ್ಕು ಮಾತುಗಳನ್ನು ಭಕ್ತರ ಮುಂದೆ ಇಡುತ್ತಿದ್ದೇನೆ.

ಸಿದ್ಧರಾಮನು 12ನೆಯ ಶತಮಾನದವನು. ಇಂದಿನ ಸೊಲ್ಲಾಪುರವೇ ಆಗಿನ ಸೊನ್ನಲಿಗೆ. ತಂದೆ ಮುದ್ದಗೌಡ, ತಾಯಿ ಸುಗ್ಗವ್ವೆ. ಹರಿಹರನ ಸೋದರಳಿಯನಾದ ರಾಘವಾಂಕ ಕವಿಯು ಈತನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ. ಮಗುವು ಮಾತಿಲ್ಲದೆ, ಆಟವಿಲ್ಲದೆ ಮಂಕಾಗಿ ಬೆಳೆಯಿತಂತೆ. ಊರವರು ದಡ್ಡನೆಂದು ಬಗೆದರು. ಒಂದು ದಿನ ಹೊಲದಲ್ಲಿದ್ದಾಗ ಮಲ್ಲಯ್ಯನೆಂಬ ಜಂಗಮನು ಬಂದು ನವಣೆಯ ಎಳೆಯ ತೆನೆಯನ್ನು ಬೇಡಿದನು. ಅದನ್ನು ತಿಂದು, ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆಯನ್ನ ಬೇಕೆಂದನು. ಹುಡುಗನು ಮನೆಗೆ ಓಡಿ ತಂದು ನೋಡಿದರೆ ಮಲ್ಲಯ್ಯನಿಲ್ಲ. ಕೈಯಲ್ಲಿ ಅನ್ನ, ಬಾಯಲ್ಲಿ ಮಲ್ಲಯ್ಯನ ಹೆಸರು, ಕಣ್ಣಲ್ಲಿ ನೀರು. ಹೀಗೆ ಅಳುತ್ತಳುತ್ತ ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲಕ್ಕೆ ಹೋದನು. ಅಲ್ಲಿ ಗುಡಿಯ ಲಿಂಗವನ್ನು ತೋರಿಸಿದರೆ, ನನ್ನಲ್ಲಿ ಅನ್ನ ಬೇಡಿದ ಮಲ್ಲಯ್ಯ ಇವನಲ್ಲವೆಂದು ಕಾಡುಮೇಡು ಅಲೆದು, ಕಡೆಗೆ ಕೊಳ್ಳಕ್ಕೆ ಧುಮುಕಲು ನಿಂತಾಗ ಮಲ್ಲಿಕಾರ್ಜುನನೇ ಕೈಹಿಡಿದು ಕಾಪಾಡಿದನೆಂಬುದು ಪುರಾಣದ ಕಥೆ. ಸೊನ್ನಲಿಗೆಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಾಯಿತು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಇಲ್ಲಿಯ ಹುಡುಗನಿಗೆ ತಾನು ಯಾರೆಂಬ ಎಣಿಕೆಯೇ ಇಲ್ಲ. ಹಸಿದವನಿಗೆ ಅನ್ನ ಮುಟ್ಟಲಿಲ್ಲವೆಂಬ ಸಂಕಟವೊಂದೇ ಇದೆ.

ಮರಳಿ ಬಂದವನು ಊರನ್ನು ಕಟ್ಟಿದನು. ದೇವಾಲಯವೆದ್ದಿತು, ಲಿಂಗಗಳ ಪ್ರತಿಷ್ಠೆಯಾಯಿತು, ಬಡವರಿಗೆ ಅನ್ನಸತ್ರ ನಡೆಯಿತು, ಸಾಮೂಹಿಕವಾಗಿ ಮದುವೆಗಳಾದವು. ಎಲ್ಲಕ್ಕಿಂತ ಮಿಗಿಲಾಗಿ ದೊಡ್ಡದೊಂದು ಕೆರೆಯನ್ನು ತೋಡಿಸಿದನು. ಜನರು ಸಾವಿರಗಟ್ಟಲೆ ಸೇರಿ ಮಣ್ಣು ಹೊತ್ತರು. ಕೀರ್ತಿ ದೇಶದೇಶಕ್ಕೆ ಹಬ್ಬಿತು. ಅಹಂಕಾರವು ಒಳಗೆ ಕಾಲಿಟ್ಟುದು ಈ ಕಾಲದಲ್ಲಿಯೇ. ಅದು ಕೆಟ್ಟವನ ಮನೆಗೆ ಮುಂಬಾಗಿಲಿನಿಂದ ಬರುತ್ತದೆ. ಸತ್ಪುರುಷನ ಮನೆಗೆ ಹಿತ್ತಿಲ ಬಾಗಿಲಿನಿಂದ, ಭಕ್ತಿಯ ಬಟ್ಟೆಯನ್ನೇ ಉಟ್ಟು ಬರುತ್ತದೆ. ಎಲ್ಲವೂ ಮಲ್ಲಯ್ಯನಿಗಾಗಿ ಎಂದು ಹೇಳುತ್ತಿದ್ದ ನಾಲಗೆಯ ಕೆಳಗೆ, ಎಲ್ಲವೂ ನನ್ನಿಂದ ಎಂಬ ಮಾತೊಂದು ಸದ್ದಿಲ್ಲದೆ ಬೇರೂರಿತ್ತು. ಸಿದ್ಧರಾಮನಿಗೆ ಅದು ತಿಳಿದಿರಲಿಲ್ಲ. ಸುತ್ತಲೂ ಜಯಜಯಕಾರ ಮಾಡುವವರಿದ್ದರೆ ತಿಳಿಯುವುದಾದರೂ ಹೇಗೆ?

ತಿಳಿಸಿದವನು ಅಲ್ಲಮಪ್ರಭು. ಈ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ವರ್ಣಿಸುತ್ತದೆ. ಕೆರೆಯ ಕೆಲಸ ನಡೆದಿರುವಲ್ಲಿಗೆ ಬಂದ ಪ್ರಭುವು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದನು. ಗುರುವಿಗೆ ಅವಮಾನವಾಯಿತೆಂದು ಕೆರಳಿದ ಜನರು ಕಲ್ಲು ತೂರಿದರು. ಕಲ್ಲುಗಳು ಪ್ರಭುವನ್ನು ತಾಗದೆ ಸುತ್ತಲೂ ರಾಶಿಬಿದ್ದವು. ದೂರು ಹೋಯಿತು, ಸಿದ್ಧರಾಮನೇ ಕಿಡಿಕಿಡಿಯಾಗಿ ಬಂದು ಹಣೆಗಣ್ಣಿನ ಉರಿಯನ್ನು ಬಿಟ್ಟನು. ಆ ಉರಿ ಪ್ರಭುವಿನ ಪಾದದಲ್ಲಿ ಹೋಗಿ ಅಡಗಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಒಡ್ಡರೆಂದರೆ ಕಲ್ಲು ಒಡೆದು, ಮಣ್ಣು ಅಗೆದು, ಬೆವರಿನಿಂದ ಅನ್ನ ಉಣ್ಣುವ ಜನ. ಅವರ ಕೈಯಿಲ್ಲದೆ ಕೆರೆಯೂ ಇಲ್ಲ, ಬಾವಿಯೂ ಇಲ್ಲ, ಗುಡಿಯ ತಳಪಾಯವೂ ಇಲ್ಲ. ಕೆರೆ ತೋಡಿಸುವವನನ್ನು ಒಡ್ಡನೆಂದು ಕರೆದರೆ ಅದರಲ್ಲಿ ಸುಳ್ಳೇನಿದೆ, ಕೀಳೇನಿದೆ? ನೊಂದುದು ಸಿದ್ಧರಾಮನಲ್ಲ, ಅವನೊಳಗೆ ಕುಳಿತಿದ್ದ ದೊಡ್ಡತನ. ಕೆರೆಯ ಕೆಲಸ ತನ್ನದು, ಕೆಲಸದವನ ಹೆಸರು ಮಾತ್ರ ತನ್ನದಲ್ಲ ಎಂಬ ಭೇದಬುದ್ಧಿಯನ್ನು ಪ್ರಭುವು ಒಂದೇ ಶಬ್ದದಿಂದ ಹೊರಗೆಳೆದು ಬಿಸಿಲಿಗಿಟ್ಟನು. ಸಿಟ್ಟು ಏಕೆ ಬಂದಿತೆಂದು ಹಿಂದಿರುಗಿ ನೋಡಿಕೊಳ್ಳುವುದೇ ಅಹಂಕಾರವನ್ನು ಗುರುತಿಸುವ ದಾರಿ. ನಮ್ಮಲ್ಲಿ ಬಹುತೇಕರು ಹಾಗೆ ನೋಡಿಕೊಳ್ಳದೆ, ಮಾತಾಡಿದವನ ನಡತೆಯನ್ನೇ ಹಳಿಯುತ್ತ ಆಯುಷ್ಯ ಕಳೆಯುತ್ತೇವೆ. ಗುಡಿಗೆ ಕೊಟ್ಟ ದೇಣಿಗೆಯ ಕಲ್ಲಿನಲ್ಲಿ ಹೆಸರು ಮೇಲಿನ ಸಾಲಿನಲ್ಲಿ ಬರಲಿಲ್ಲವೆಂದು ಪೂಜೆಗೇ ಬರದೆ ಉಳಿದವರನ್ನು ನಾನು ಕಂಡಿದ್ದೇನೆ. ನಿಜ ಹೇಳಬೇಕೆಂದರೆ, ಇಂಥ ಒಂದು ಸಂದರ್ಭದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿ ಬಿದ್ದುದಕ್ಕೆ ನಾನೂ ಎರಡು ದಿನ ಮುಖ ಗಂಟಿಕ್ಕಿದ್ದೆ.

ಸಿದ್ಧರಾಮನ ಹಿರಿಮೆಯಿರುವುದು ಮುಂದಿನ ನಡೆಯಲ್ಲಿ. ತನ್ನ ಊರು, ತನ್ನ ಗುಡಿ, ತನ್ನ ಶಿಷ್ಯರು ಎಂಬುದೆಲ್ಲವನ್ನೂ ಹಿಂದೆ ಬಿಟ್ಟು ಆತನು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು. ಸೊನ್ನಲಿಗೆಯಲ್ಲಿ ಆತನು ಬಂದರೆ ಊರೇ ಏಳುತ್ತಿತ್ತು. ಕಲ್ಯಾಣದಲ್ಲಿ ಬಸವಣ್ಣನು ಪೂಜೆಯಲ್ಲಿ ಮುಳುಗಿದ್ದುದರಿಂದ ಬಂದವರು ಬಾಗಿಲಲ್ಲಿಯೇ ನಿಲ್ಲಬೇಕಾಯಿತೆಂದು ಅದೇ ಗ್ರಂಥವು ಹೇಳುತ್ತದೆ. ಅಷ್ಟೇ ಅಲ್ಲ. ಗುಡಿ ಕಟ್ಟಿ ಹೆಸರಾದವನಿಗೆ ಅಲ್ಲಿ ಮೈಮೇಲಿನ ಇಷ್ಟಲಿಂಗದ ವಿಚಾರವನ್ನು ಮೊದಲಿನಿಂದ ಕಲಿಯಬೇಕಾಗಿ ಬಂದಿತು. ಅದು ತನಗೇಕೆ ಬೇಕೆಂದು ಆತನು ವಾದಿಸಿದುದುಂಟು, ಸುಮ್ಮನೆ ತಲೆದೂಗಿದವನಲ್ಲ. ಆದರೆ ಮಾತು ಮನಸ್ಸಿಗೆ ಒಪ್ಪಿದ ಮೇಲೆ ಹಟ ಹಿಡಿಯಲಿಲ್ಲ. ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನಿಂದ ದೀಕ್ಷೆ ಪಡೆದು ಅವನನ್ನು ಗುರುವೆಂದು ಒಪ್ಪಿಕೊಂಡನು. ಕಿರಿಯನ ಮುಂದೆ ಕೈಯೊಡ್ಡಿ ನಿಲ್ಲುವುದು ಕೆರೆ ತೋಡಿಸುವುದಕ್ಕಿಂತ ಕಠಿಣವೆಂಬುದನ್ನು ನಮ್ಮ ಊರುಗಳ ಹಿರಿಯರು ಬಲ್ಲರು.

ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಆತನ ಸಾವಿರಕ್ಕೂ ಮಿಕ್ಕ ವಚನಗಳು ದೊರೆತಿವೆ, ತ್ರಿಪದಿಗಳೂ ಇವೆ. ತಾನು ಹೊಗಳಿಸಿಕೊಳ್ಳುತ್ತಿದ್ದವನು ಅವುಗಳಲ್ಲಿ ಬಸವಣ್ಣನನ್ನೂ ಇತರ ಶರಣರನ್ನೂ ಮನದಣಿಯೆ ಹೊಗಳಿದ್ದಾನೆ. ಹೆಣ್ಣು ಕೇವಲ ಹೆಣ್ಣಲ್ಲ, ಸಾಕ್ಷಾತ್ ದೈವವೆಂದು ಕಂಡಿದ್ದಾನೆ. ಶೂನ್ಯಪೀಠದಲ್ಲಿ ಅಲ್ಲಮ, ಚನ್ನಬಸವಣ್ಣರ ತರುವಾಯ ಮೂರನೆಯವನಾಗಿ ಆತನು ಕುಳಿತನೆಂಬ ನಂಬಿಕೆ ಪರಂಪರೆಯಲ್ಲಿದೆ. ಕೆರೆ ಕಟ್ಟುವುದನ್ನು ತಪ್ಪೆಂದು ಯಾರೂ ಅವನಿಗೆ ಹೇಳಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಬಿಡಬೇಕಾದುದು ಕೆಲಸವಲ್ಲ, ಕೆಲಸದ ಮೇಲೆ ಕುಳಿತ ನಾನು.

ಸೊಲ್ಲಾಪುರದಲ್ಲಿ ನೀರಿನ ನಡುವೆ ನಿಂತ ಸಿದ್ಧೇಶ್ವರ ದೇವಾಲಯದಲ್ಲಿ ಆತನ ಸಮಾಧಿಯಿದೆ. ಮಕರ ಸಂಕ್ರಮಣದ ಜಾತ್ರೆಯಲ್ಲಿ 7 ನಂದಿಧ್ವಜಗಳು ಹೆಗಲೇರಿ, ಊರಿನ 68 ಲಿಂಗಗಳನ್ನು ಸುತ್ತಿ ಬರುತ್ತವೆ. ಕನ್ನಡ, ಮರಾಠಿ ಎರಡೂ ನುಡಿಗಳಲ್ಲಿ ಜಯಘೋಷವಾಗುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಬಲ್ಲವರಲ್ಲ. ಕಲ್ಲುಮಣ್ಣಿನ ಕೆಲಸದ ಒಡ್ಡರು, ಅಂದರೆ ಭೋವಿ ಸಮಾಜದವರು, ಸಿದ್ಧರಾಮೇಶ್ವರನನ್ನೇ ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಚಿತ್ರದುರ್ಗದಲ್ಲಿ ಅವರ ಗುರುಪೀಠವು ಆತನ ಹೆಸರಿನಲ್ಲಿಯೇ ಇದೆ.